ಕೈಗೆ ಒಗ್ಗುವ ಮೌಸ್: ಕಚೇರಿಯ ಕೆಲಸಕ್ಕೆ ತಕ್ಕ ಆಯ್ಕೆ

ಬಡಗಿಯು ತನ್ನ ಉಳಿಯ ಹಿಡಿಯನ್ನು ತಾನೇ ಹಿಡಿದು ನೋಡಿ ಆರಿಸಿಕೊಳ್ಳುತ್ತಾನೆ. ದರ್ಜಿಯು ಮತ್ತೊಬ್ಬರ ಕತ್ತರಿಯಿಂದ ಬಟ್ಟೆ ಕತ್ತರಿಸಲು ಒಪ್ಪುವುದಿಲ್ಲ. ಲೇಥ್ ಯಂತ್ರದ ಎತ್ತರ ಕೆಲಸಗಾರನಿಗೆ ಹೊಂದದಿದ್ದರೆ ಮಾಲೀಕರೇ ಕಾಲ ಕೆಳಗೆ ಹಲಗೆ ಹಾಕಿಸಿಕೊಡುತ್ತಾರೆ. ಆದರೆ ಅದೇ ಸಂಸ್ಥೆಯ ಕಚೇರಿಯಲ್ಲಿ ದಿನವಿಡೀ ಗಣಕಯಂತ್ರದ ಮುಂದೆ ಕುಳಿತು ಲೆಕ್ಕ ಬರೆಯುವವರಿಗೆ ಸಿಗುವುದು ಯಂತ್ರದ ಜೊತೆಗೆ ಬಂದ ಮೌಸ್ ಮಾತ್ರ. ಅದು ಕೈಗೆ ಹೊಂದುವುದೇ ಎಂದು ಯಾರೂ ಕೇಳುವುದಿಲ್ಲ, ಬಳಸುವವರೂ ಹೇಳುವುದಿಲ್ಲ. ಮಣಿಕಟ್ಟಿನ ನೋವು ಹೆಚ್ಚಾಗಿ ರಜೆ ಕೇಳಿದಾಗಲೇ ವಿಷಯ ಮಾಲೀಕರಿಗೆ ತಿಳಿಯುತ್ತದೆ.

ಈ ವಿಷಯವು ಈಗ ಹಿಂದಿಗಿಂತ ಮುಖ್ಯವಾಗಿದೆ. ಬೆಂಗಳೂರಿನಲ್ಲಿ ರೂಪುಗೊಂಡ ಟ್ಯಾಲಿ ತಂತ್ರಾಂಶದಲ್ಲಿ ಪಳಗಿದ ಲೆಕ್ಕಿಗರು ಮೌಸನ್ನು ಮುಟ್ಟುವುದೇ ಅಪರೂಪ. ಎಫ್5 ಒತ್ತಿದರೆ ಪಾವತಿ, ಎಫ್8 ಒತ್ತಿದರೆ ಮಾರಾಟ, ಎಫ್9 ಒತ್ತಿದರೆ ಖರೀದಿ ಎಂಬಂತೆ ಎಲ್ಲವೂ ಕೀಲಿಮಣೆಯಲ್ಲೇ ನಡೆಯುತ್ತದೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಿತು. 2018ರ ಏಪ್ರಿಲ್ 1ರಿಂದ ಕರ್ನಾಟಕದೊಳಗಿನ ಸಾಗಣೆಗೂ ಇ-ವೇ ಬಿಲ್ ಬಂದಿತು. ಆ ಬಳಿಕ ಜಾಲತಾಣಗಳಲ್ಲಿ ಕ್ಲಿಕ್ ಮಾಡುವ ಕೆಲಸ ಬಹಳ ಹೆಚ್ಚಿದೆ. ಪ್ರತಿ ತಿಂಗಳೂ ವಿವರಪಟ್ಟಿ ಸಲ್ಲಿಸುವ ಸಂಸ್ಥೆಗಳಲ್ಲಿ 11 ಮತ್ತು 20ನೆಯ ತಾರೀಖುಗಳ ಹಿಂದಿನ ದಿನಗಳಂದು ಬಲಗೈಗೆ ಬಿಡುವೇ ಇರುವುದಿಲ್ಲ.

ಮೂರು ಉಪಕರಣಗಳ ಹಿನ್ನೆಲೆ

ಮೌಸ್ ಹಳೆಯದು, ಟ್ರ್ಯಾಕ್‌ಬಾಲ್ ಅದರ ಸುಧಾರಿತ ರೂಪ ಎಂಬ ತಪ್ಪು ಕಲ್ಪನೆಯೊಂದಿದೆ. ವಾಸ್ತವದಲ್ಲಿ ಟ್ರ್ಯಾಕ್‌ಬಾಲ್ ಮೊದಲು ಬಂದಿತು. 1952ರ ಸುಮಾರಿಗೆ ಕೆನಡಾ ನೌಕಾಪಡೆಯ ಯೋಜನೆಯೊಂದರಲ್ಲಿ ಬೌಲಿಂಗ್ ಆಟದ ಚೆಂಡನ್ನೇ ಬಳಸಿ ಇಂತಹ ಸಾಧನವನ್ನು ಮಾಡಲಾಗಿತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಡಗ್ಲಸ್ ಎಂಗಲ್‌ಬರ್ಟ್ ಅವರ ಕಲ್ಪನೆಯಂತೆ ಬಿಲ್ ಇಂಗ್ಲಿಷ್ ಅವರು ಮರದ ಕವಚದ ಮೊದಲ ಮೌಸನ್ನು ತಯಾರಿಸಿದ್ದು 1964ರಲ್ಲಿ. 1994ರಲ್ಲಿ ಆಪಲ್ ಸಂಸ್ಥೆಯ ಪವರ್‌ಬುಕ್ 500 ಶ್ರೇಣಿಯಲ್ಲಿ ಅಳವಡಿಸಿದ ಬಳಿಕ ಟ್ರ್ಯಾಕ್‌ಪ್ಯಾಡ್ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಯಿತು. ಆದ್ದರಿಂದ ಇವು ಒಂದಕ್ಕಿಂತ ಒಂದು ಮೇಲಾದ ಮೂರು ದರ್ಜೆಗಳಲ್ಲ. ಬೇರೆ ಬೇರೆ ಕೆಲಸಕ್ಕೆ ತಕ್ಕ ಮೂರು ಸಾಧನಗಳು.

ನೋವು ಬರುವುದೇಕೆ?

ಮಣಿಕಟ್ಟಿನಲ್ಲಿ ಮೂಳೆಗಳು ಹಾಗೂ ಗಟ್ಟಿಯಾದ ಪಟ್ಟಿಯೊಂದರ ನಡುವಿನ ಕಿರಿದಾದ ದಾರಿಯಲ್ಲಿ 9 ಸ್ನಾಯುರಜ್ಜುಗಳೂ ಒಂದು ಮುಖ್ಯ ನರವೂ ಹಾದುಹೋಗುತ್ತವೆ. ಅಂಗೈಯನ್ನು ಮೇಲಕ್ಕೆ ಬಾಗಿಸಿ ಹಿಡಿದಾಗ ಆ ದಾರಿಯಲ್ಲಿ ಒತ್ತಡ ಹೆಚ್ಚುತ್ತದೆ. ಗುಂಡಿಯನ್ನು ಒತ್ತಿ ಹಿಡಿದು ಎಳೆಯುವಾಗ ಮತ್ತಷ್ಟು ಹೆಚ್ಚುತ್ತದೆ. ಇದರ ಜೊತೆಗೆ, ಸಾಮಾನ್ಯ ಮೌಸನ್ನು ಹಿಡಿಯಬೇಕಾದರೆ ಅಂಗೈ ಪೂರ್ತಿ ನೆಲಮುಖವಾಗುವಂತೆ ಮುಂಗೈಯನ್ನು ತಿರುಗಿಸಿಯೇ ಇಡಬೇಕಾಗುತ್ತದೆ.

ಮೌಸ್ ಬಳಕೆಯೊಂದೇ ನರ ಒತ್ತಿಹೋಗುವ ರೋಗಕ್ಕೆ ಕಾರಣವೆಂದು ವೈದ್ಯಶಾಸ್ತ್ರವು ಖಚಿತವಾಗಿ ಹೇಳಿಲ್ಲ. ಮಧುಮೇಹ, ಥೈರಾಯ್ಡ್ ಕೊರತೆ ಮುಂತಾದವೂ ಅದಕ್ಕೆ ಕಾರಣವಾಗುತ್ತವೆ. ಹೆಬ್ಬೆರಳು, ತೋರುಬೆರಳು ಹಾಗೂ ನಡುಬೆರಳು ಜೋಮು ಹಿಡಿಯುವುದು, ರಾತ್ರಿಯಲ್ಲಿ ಅದು ಹೆಚ್ಚಾಗುವುದು, ಕೈಯಿಂದ ವಸ್ತುಗಳು ಜಾರುವುದು ಕಂಡುಬಂದರೆ ಹೊಸ ಮೌಸ್ ಕೊಳ್ಳುವುದಕ್ಕೆ ಮೊದಲು ವೈದ್ಯರನ್ನು ಕಾಣುವುದು ಯುಕ್ತ. ಸಾಧನವು ಚಿಕಿತ್ಸೆಯಲ್ಲ, ಆಯಾಸವನ್ನು ತಗ್ಗಿಸುವ ಅನುಕೂಲವಷ್ಟೆ.

ಮೌಸ್

ಮೌಸ್ ಆರಿಸುವಾಗ ಮೊದಲು ನೋಡಬೇಕಾದುದು ಗಾತ್ರ. ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿಯವರೆಗೆ ಅಳೆಯಿರಿ. ಅಂದಾಜಿನ ಮೇಲೆ 17 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಸಣ್ಣ ಮೌಸ್, 19 ಸೆಂ.ಮೀ.ಗಿಂತ ಹೆಚ್ಚಿದ್ದರೆ ದೊಡ್ಡ ಮೌಸ್ ಸೂಕ್ತ. ತೀರ ಚಿಕ್ಕ ಮೌಸನ್ನು ಬೆರಳ ತುದಿಗಳಿಂದ ಚಿವುಟಿ ಹಿಡಿಯಬೇಕಾಗುತ್ತದೆ. ಪ್ರವಾಸಕ್ಕೆಂದು ಮಾಡಿದ ಪುಟ್ಟ ಮೌಸನ್ನು ದಿನವಿಡೀ ಬಳಸುವುದು ಆದ್ದರಿಂದಲೇ ತರವಲ್ಲ. ಕೈ ಕುಲುಕುವ ಭಂಗಿಯಲ್ಲಿ ಹಿಡಿಯುವ ನಿಲುವು ಮೌಸ್‌ಗಳೂ ದೊರೆಯುತ್ತವೆ. ಇವು ಮುಂಗೈಯ ತಿರುಚನ್ನು ಕಡಿಮೆ ಮಾಡುತ್ತವೆ. ಆದರೆ ಸೂಕ್ಷ್ಮ ಗುರಿಯಲ್ಲಿ ಮೊದಮೊದಲು ತಪ್ಪುವುದುಂಟು. ಒಂದೆರಡು ವಾರ ರೂಢಿ ಬೇಕು. ಎಡಗೈ ಬಳಸುವವರಿಗೆ ಬಲಗೈಯ ಅಚ್ಚಿನ ಮೌಸ್ ಕೊಡಬಾರದು. ಎರಡು ಬದಿಯೂ ಸಮನಾಗಿರುವುದನ್ನು ಕೊಟ್ಟು, ಗುಂಡಿಗಳನ್ನು ಅದಲುಬದಲು ಮಾಡಿಕೊಡಬೇಕು.

ನಮ್ಮ ಅಂಗಡಿಗಳಿಗೆ ಸಂಬಂಧಿಸಿದ ಒಂದು ಮಾತು: ಸಾಮಾನ್ಯ ಆಪ್ಟಿಕಲ್ ಮೌಸ್ ಗಾಜಿನ ಮೇಲೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಗಾಜಿನ ಕೌಂಟರ್ ಮೇಲೆ ಬಾಣದ ಗುರುತು ಜಿಗಿದಾಡಿದರೆ ಮೌಸನ್ನು ದೂರದೆ, ಕೆಳಗೆ ಒಂದು ಬಟ್ಟೆಯ ಪ್ಯಾಡ್ ಹಾಕಿ ನೋಡಿ.

ಟ್ರ್ಯಾಕ್‌ಬಾಲ್

ಟ್ರ್ಯಾಕ್‌ಬಾಲ್ ಇದ್ದಲ್ಲಿಯೇ ಇರುತ್ತದೆ. ಗುಂಡು ಮಾತ್ರ ಉರುಳುತ್ತದೆ. ಬಿಲ್ ಪುಸ್ತಕ, ತಕ್ಕಡಿ, ಮುದ್ರಣಯಂತ್ರಗಳ ನಡುವೆ ಅಂಗೈಯಗಲ ಜಾಗವಷ್ಟೇ ಉಳಿದಿರುವ ಕೌಂಟರ್‌ಗೆ ಇದು ಉತ್ತಮ. ಭುಜ ಮತ್ತು ತೋಳನ್ನು ಆಡಿಸುವುದು ಕಷ್ಟವಾದವರಿಗೂ ಅನುಕೂಲ. ಇದರಲ್ಲಿ ಎರಡು ಬಗೆ: ಹೆಬ್ಬೆರಳಿನಿಂದ ಉರುಳಿಸುವುದು ಹಾಗೂ ನಡುವಿನ ದೊಡ್ಡ ಗುಂಡನ್ನು ಬೆರಳುಗಳಿಂದ ಉರುಳಿಸುವುದು. ಮೊದಲನೆಯದು ಬೇಗ ರೂಢಿಯಾಗುತ್ತದೆ, ಆದರೆ ಭಾರವೆಲ್ಲ ಹೆಬ್ಬೆರಳಿನ ಮೇಲೆ ಬೀಳುತ್ತದೆ. ಮೊಬೈಲ್ ಬಳಕೆಯಿಂದ ಈಗಾಗಲೇ ಹೆಬ್ಬೆರಳಿನ ಬುಡ ನೋಯುತ್ತಿರುವವರು ಎರಡನೆಯದನ್ನು ಆರಿಸುವುದು ಲೇಸು. ಅದು ಸಾಮಾನ್ಯವಾಗಿ ಎರಡೂ ಕೈಗಳಿಗೆ ಹೊಂದುತ್ತದೆ.

ಇದರ ದೋಷವೆಂದರೆ ಕೊಳೆ. ಹಿಟ್ಟಿನ ಗಿರಣಿ, ಸಿಮೆಂಟ್ ಮಳಿಗೆ, ಮಗ್ಗದ ಶೆಡ್ಡುಗಳಲ್ಲಿ ಗುಂಡಿನ ಕೆಳಗಿನ ಸಣ್ಣ ಆಧಾರಬಿಂದುಗಳ ಮೇಲೆ ಧೂಳು ಕಟ್ಟುತ್ತದೆ, ಚಲನೆ ತಡೆಯುತ್ತದೆ. ವಾರಕ್ಕೊಮ್ಮೆ ಗುಂಡನ್ನು ತೆಗೆದು ಒಣಬಟ್ಟೆಯಿಂದ ಒರೆಸುವಷ್ಟು ಶಿಸ್ತು ಇದ್ದರೆ ಮಾತ್ರ ಇದನ್ನು ಕೊಳ್ಳಬೇಕು.

ಟ್ರ್ಯಾಕ್‌ಪ್ಯಾಡ್

ಟ್ರ್ಯಾಕ್‌ಪ್ಯಾಡ್‌ನಲ್ಲಿ ಉರುಳುವ ಭಾಗವಿಲ್ಲ, ಹಿಡಿಯಬೇಕಾದುದೂ ಇಲ್ಲ. ಪುಟಗಳನ್ನು ಸರಿಸಿ ಓದುವುದು, ಪತ್ರಗಳನ್ನು ನೋಡುವುದು ಇದರಲ್ಲಿ ಸುಲಭ. ಆದರೆ ನೂರಾರು ಸಾಲುಗಳ ಪಟ್ಟಿಯಲ್ಲಿ ಒತ್ತಿ ಎಳೆದು ಆರಿಸುವ ಕೆಲಸಕ್ಕೆ ಇದು ಬೆರಳುಗಳನ್ನು ದಣಿಸುತ್ತದೆ. ಒದ್ದೆ ಬೆರಳು ಹಾಗೂ ಕೈಗವಸುಗಳಿಗೆ ಇದು ಸರಿಯಾಗಿ ಸ್ಪಂದಿಸುವುದಿಲ್ಲ. ಎಣ್ಣೆ, ಮೀನು, ತರಕಾರಿ ವ್ಯಾಪಾರದ ಕೌಂಟರ್‌ಗೆ ಒಪ್ಪುವುದಿಲ್ಲ. ಲ್ಯಾಪ್‌ಟಾಪ್‌ನಲ್ಲೇ ಲೆಕ್ಕ ಬರೆಯುವ ಸಂಸ್ಥೆಗಳು ಒಂದು ಹೊರಗಿನ ಮೌಸನ್ನು ಜೋಡಿಸುವುದು ಅಗತ್ಯವೆಂದೇ ಹೇಳಬಹುದು.

ಕೆಲಸ ನೋಡಿ ಆಯ್ಕೆ

ಲೆಕ್ಕಪತ್ರ ಹಾಗೂ ತೆರಿಗೆ ಜಾಲತಾಣದ ಕೆಲಸಕ್ಕೆ ಕೈಯಳತೆಯ ಮೌಸ್ ಅಥವಾ ನಿಲುವು ಮೌಸ್ ಸಾಕು. ಇಕ್ಕಟ್ಟಾದ ಬಿಲ್ಲಿಂಗ್ ಕೌಂಟರ್‌ಗೆ ಟ್ರ್ಯಾಕ್‌ಬಾಲ್. ಬೆಳಗಾವಿಯ ಫೌಂಡ್ರಿಗಳಲ್ಲಾಗಲಿ ಪೀಣ್ಯದ ಯಂತ್ರಭಾಗಗಳ ಘಟಕಗಳಲ್ಲಾಗಲಿ ಗಣಕಯಂತ್ರದಲ್ಲಿ ನಕ್ಷೆ ಬರೆಯುವವರಿಗೆ ನಡುವಿನ ಗುಂಡಿ ಬಹಳ ಮುಖ್ಯ. ನಕ್ಷೆಯನ್ನು ಸರಿಸಲು ಅದನ್ನು ಒತ್ತಿ ಹಿಡಿಯಬೇಕಾಗುತ್ತದೆ. ಮೆತ್ತಗೆ ಒತ್ತಬಲ್ಲ ಚಕ್ರವಿರುವ ಮೌಸನ್ನೇ ಅವರಿಗೆ ಕೊಡಿಸಬೇಕು. ನಡುಗುಂಡಿಯಿಲ್ಲದ ಟ್ರ್ಯಾಕ್‌ಬಾಲ್ ಕೊಟ್ಟರೆ ಕೆಲಸ ಕೆಡುತ್ತದೆ.

ಇಡುವ ಜಾಗ

ಹಣ ಖರ್ಚು ಮಾಡುವುದಕ್ಕೆ ಮೊದಲು ಮಾಡಬೇಕಾದ ಕೆಲಸವೊಂದಿದೆ. ಅಂಕಿಗಳ ವಿಭಾಗವಿರುವ ಪೂರ್ಣ ಕೀಲಿಮಣೆ ಸುಮಾರು 45 ಸೆಂ.ಮೀ. ಅಗಲವಿರುತ್ತದೆ. ಅದರಾಚೆ ಇಟ್ಟ ಮೌಸನ್ನು ಹಿಡಿಯಲು ತೋಳನ್ನು ಹೊರಕ್ಕೆ ಚಾಚಬೇಕು. ಭುಜದ ನೋವು ಅಲ್ಲಿಂದಲೇ ಆರಂಭವಾಗುತ್ತದೆ. ಅಂಕಿ ವಿಭಾಗವನ್ನು ಹೆಚ್ಚು ಬಳಸದವರಿಗೆ ಚಿಕ್ಕ ಕೀಲಿಮಣೆ ಕೊಟ್ಟರೆ ಮೌಸ್ ಸುಮಾರು ಒಂದು ಗೇಣಿನ ಅರ್ಧದಷ್ಟು ಹತ್ತಿರ ಬರುತ್ತದೆ. ಅಂಕಿಗಳೇ ಮುಖ್ಯವಾದ ಲೆಕ್ಕಿಗರು ಮೌಸನ್ನು ಎಡಬದಿಗೆ ಇಟ್ಟು ರೂಢಿಸಿಕೊಳ್ಳಬಹುದು. ಮೇಜು ಮೊಣಕೈಯ ಮಟ್ಟದಲ್ಲಿರಬೇಕು. ನಿಂತು ವ್ಯಾಪಾರ ಮಾಡುವ ಎತ್ತರದ ಕೌಂಟರ್ ಮುಂದೆ ತಗ್ಗಾದ ಕುರ್ಚಿ ಹಾಕಿ ಕುಳ್ಳಿರಿಸಿದರೆ ಯಾವ ಮೌಸೂ ಹಿತವಾಗದು. ಬಾಣದ ವೇಗವನ್ನು ಸ್ವಲ್ಪ ಹೆಚ್ಚಿಸಿದರೆ ಕೈಯ ಓಡಾಟವೂ ಕಡಿಮೆಯಾಗುತ್ತದೆ. ಇವುಗಳಲ್ಲಿ ಹೆಚ್ಚಿನವಕ್ಕೆ ಖರ್ಚೇ ಇಲ್ಲ.

ಖರೀದಿಯ ಲೆಕ್ಕ

ಒಳ್ಳೆಯ ಸಾಧನಕ್ಕೆ 3,600 ರೂಪಾಯಿ ಕೊಟ್ಟು ಮೂರು ವರ್ಷ ಬಳಸಿದರೆ ತಿಂಗಳಿಗೆ ಬೀಳುವುದು 100 ರೂಪಾಯಿ. ನುರಿತ ಲೆಕ್ಕಿಗರು ವಿವರಪಟ್ಟಿಯ ವಾರದಲ್ಲಿ ಎರಡು ದಿನ ಬರದಿದ್ದರೆ ಆಗುವ ವಿಳಂಬ ಶುಲ್ಕ ಹಾಗೂ ಗೊಂದಲವನ್ನು ಇದರ ಪಕ್ಕದಲ್ಲಿಟ್ಟು ಸದಸ್ಯರೇ ತೂಗಿ ನೋಡಲಿ. ವ್ಯವಹಾರದ ಉಪಯೋಗಕ್ಕೆ ಕೊಂಡದ್ದಾದ್ದರಿಂದ ಸಂಸ್ಥೆಯ ನೋಂದಣಿ ಸಂಖ್ಯೆಯಿರುವ ತೆರಿಗೆ ಬಿಲ್ ಪಡೆಯಿರಿ. ರಾಜಿ ತೆರಿಗೆ ಪದ್ಧತಿಯಲ್ಲಿರುವವರನ್ನು ಬಿಟ್ಟು ಉಳಿದ ನೋಂದಾಯಿತರು ಸಾಮಾನ್ಯವಾಗಿ ಹೂಡುವಳಿ ತೆರಿಗೆಯ ಜಮೆ ಪಡೆಯಬಹುದು. ಖಾತರಿ ಪತ್ರವನ್ನೂ ಜೋಪಾನವಾಗಿಡಿ.

ಹತ್ತು ಜನರಿಗೆ ಒಂದೇ ಬಗೆಯ ಹತ್ತು ಮೌಸ್‌ಗಳನ್ನು ಸಗಟಿನಲ್ಲಿ ತರಿಸುವುದು ವರ್ತಕರಿಗೆ ಸಹಜವಾದ ಅಭ್ಯಾಸ. ಈ ಒಂದು ವಿಷಯದಲ್ಲಿ ಅದನ್ನು ಬಿಡಬೇಕು. ಮೊದಲು ಎರಡು ಮೂರು ಬಗೆಯವನ್ನು ಒಂದೊಂದೇ ತರಿಸಿ, ಪ್ರತಿಯೊಬ್ಬರೂ ಒಂದು ವಾರ ಬಳಸುವಂತೆ ಮಾಡಿ. ಆಮೇಲೆ ಅವರವರೇ ಆರಿಸಿಕೊಳ್ಳಲಿ. ಯಾರಿಗೂ ಒಗ್ಗದ ಸಾಧನ ಒಂದೆರಡು ಉಳಿದರೂ ಅದು ನಷ್ಟವಲ್ಲ.

ಈ ಲೇಖನವನ್ನು ಓದಿದ ದಿನವೇ ಮಾಡಬಹುದಾದ ಕೆಲಸವೊಂದಿದೆ. ಸಂಜೆ ಕಚೇರಿ ಮುಚ್ಚುವ ಮುನ್ನ ನಿಮ್ಮ ಲೆಕ್ಕಿಗರ ಬಳಿ ಹೋಗಿ, ಕೈ ನೋಯುತ್ತಿದೆಯೇ ಎಂದು ಒಮ್ಮೆ ಕೇಳಿ. ತಾವಾಗಿ ಹೇಳದವರೂ ಮಾಲೀಕರೇ ಕೇಳಿದಾಗ ಹೇಳುತ್ತಾರೆ. ಯಾವ ಮೌಸ್ ಕೊಳ್ಳಬೇಕೆಂಬುದು ಆ ಉತ್ತರದಿಂದಲೇ ಅರ್ಧ ತೀರ್ಮಾನವಾಗುತ್ತದೆ.