ಮಾತ್ರೆ ಮೊದಲು, ಕಾಫಿ ಆಮೇಲೆ

ಪ್ರಶ್ನೆ: ನನಗೆ 34 ವರ್ಷ, ಜೆ.ಪಿ. ನಗರದಲ್ಲಿ ಮನೆ. ಕೆಲವು ತಿಂಗಳಿಂದ ವಿಪರೀತ ಸುಸ್ತು, ಕೂದಲು ಉದುರುತ್ತೆ, ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತೆ. ಟಿಎಸ್‌ಎಚ್ 14, ಆ್ಯಂಟಿ-ಟಿಪಿಒ 600. ಡಾಕ್ಟರು ‘ಹಶಿಮೋಟೊ’ ಅಂದು ಮಾತ್ರೆ ಬರೆದುಕೊಟ್ಟಿದ್ದಾರೆ. ವಾಕಿಂಗ್ ಗೆಳತಿಯರು ರಾಗಿ, ಎಲೆಕೋಸು ಬಿಡು, ಆ್ಯಂಟಿಬಾಡಿ ಇಳಿಸೋಕೆ ಪುಡಿ ಸಿಗುತ್ತೆ ಅಂತಾರೆ. ಜೀವನಪೂರ್ತಿ ಮಾತ್ರೆ ನುಂಗಬೇಕಾ ಡಾಕ್ಟರೇ?

ಉತ್ತರ: ನಿಮ್ಮ ದೇಹದ ರೋಗನಿರೋಧಕ ವ್ಯವಸ್ಥೆ ನಿಮ್ಮದೇ ಥೈರಾಯ್ಡ್ ಗ್ರಂಥಿಯ ಮೇಲೆ ತಿರುಗಿಬಿದ್ದಿದೆ. 1912ರಲ್ಲಿ ಜಪಾನಿನ ಶಸ್ತ್ರವೈದ್ಯ ಹಕಾರು ಹಶಿಮೋಟೊ ಇದನ್ನು ವಿವರಿಸಿದರು, ಅವರ ಹೆಸರೇ ಕಾಯಿಲೆಗೆ ಬಂತು. ಗ್ರಂಥಿ ಸೊರಗಿದಾಗ ಅದನ್ನು ದುಡಿಸಲು ಮೆದುಳಿನ ಬುಡದ ಪಿಟ್ಯುಟರಿ ಹೆಚ್ಚು ಟಿಎಸ್‌ಎಚ್ ಬಿಡುತ್ತದೆ. ನಿಮ್ಮ 14 ಅದರ ಗುರುತು.

ಆ್ಯಂಟಿ-ಟಿಪಿಒ ಎಂಬ ಆ್ಯಂಟಿಬಾಡಿ ಟೆಸ್ಟ್ ಕಾಯಿಲೆ ಯಾವುದೆಂದು ತೋರಿಸಿಕೊಟ್ಟಿತು, ಅಲ್ಲಿಗೆ ಅದರ ಕೆಲಸ ಮುಗಿಯಿತು. ಅದು 600 ಇರಲಿ, 1200 ಇರಲಿ, ಮಾತ್ರೆಯ ಪ್ರಮಾಣ ನಿರ್ಧಾರವಾಗುವುದು ಟಿಎಸ್‌ಎಚ್ ನೋಡಿಯೇ. ಪುಡಿಗೆ ದುಡ್ಡು ಸುರಿಯಬೇಡಿ. ಅಂಥವುಗಳಲ್ಲಿ ಅಯೋಡಿನ್ ಹೆಚ್ಚಿದ್ದರೆ ಕಾಯಿಲೆ ಕೆರಳಬಹುದು. ಅಡುಗೆಯ ಅಯೋಡಿನ್ ಉಪ್ಪೇ ಸಾಕು.

ಬೇಯಿಸಿದ ಎಲೆಕೋಸಿನ ಪಲ್ಯ ಧಾರಾಳವಾಗಿ ತಿನ್ನಿ. ರಾಗಿಮುದ್ದೆಯನ್ನೂ ಬಿಡಬೇಡಿ. ಆದರೆ 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅದು ಕರುಳಿನಲ್ಲಿ ನಿಮ್ಮ ಥೈರಾಯ್ಡ್ ಮಾತ್ರೆಯ ಔಷಧಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಮಾತ್ರೆಯ ಹಿಂದೆಯೇ ರಾಗಿ ಗಂಜಿ ಬೇಡ.

ನನ್ನ ಕ್ಲಿನಿಕ್‌ಗೆ ಬರುವವರಲ್ಲಿ ಟಿಎಸ್‌ಎಚ್ ಇಳಿಯದಿರಲು ಬಹಳ ಸಲ ಕಾರಣವಾಗುವುದು ಫಿಲ್ಟರ್ ಕಾಫಿ. ಜಯನಗರ, ಬನಶಂಕರಿಯ ಮನೆಗಳಲ್ಲಿ ಎದ್ದ ತಕ್ಷಣ ಡಿಕಾಕ್ಷನ್ ಇಳಿದಿರಬೇಕು, ಮಾತ್ರೆಯೂ ಅದರ ಜೊತೆಗೇ ಒಳಗೆ ಹೋಗುತ್ತದೆ. ಪ್ರಮಾಣ ಏರಿಸುತ್ತಾ ಹೋದರೂ ರಿಪೋರ್ಟ್ ಸುಧಾರಿಸುವುದಿಲ್ಲ. ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ. ಅಷ್ಟು ಕಾಯಲಾಗದಿದ್ದರೆ ರಾತ್ರಿ ಊಟವಾಗಿ ಮೂರು ಗಂಟೆಯ ನಂತರ ತೆಗೆದುಕೊಳ್ಳಬಹುದು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಬೇಕು.

ಕೂದಲಿಗೆಂದು ಬಯೋಟಿನ್ ತಿನ್ನುತ್ತಿದ್ದೀರಾ? ರಕ್ತಪರೀಕ್ಷೆಗೆ ಎರಡು ದಿನ ಮೊದಲೇ ನಿಲ್ಲಿಸಿ, ಇಲ್ಲವಾದರೆ ಟಿಎಸ್‌ಎಚ್ ಸುಳ್ಳೇ ಕಡಿಮೆ ತೋರಿಸಬಹುದು.

ಮಾತ್ರೆಯಲ್ಲಿರುವ ಥೈರಾಯ್ಡ್ ಹಾರ್ಮೋನಿನ ಅರ್ಧದಷ್ಟು ದೇಹದಿಂದ ಹೋಗಲು ಸುಮಾರು ಏಳು ದಿನ ಹಿಡಿಯುತ್ತದೆ. ಹಾಗಾಗಿ ಮಾತ್ರೆ ಶುರುಮಾಡಿ 6ರಿಂದ 8 ವಾರ ಕಳೆದ ಮೇಲೆ ಟೆಸ್ಟ್ ಮಾಡಿಸಿ, ಅದಕ್ಕೆ ಮೊದಲು ಬೇಡ. ಜನೌಷಧಿ ಕೇಂದ್ರದ ಕಡಿಮೆ ಬೆಲೆಯ ಮಾತ್ರೆಯೂ ಆಗುತ್ತದೆ, ಆದರೆ ಕಂಪನಿ ಬದಲಾದಾಗ ಇನ್ನೊಮ್ಮೆ ಟಿಎಸ್‌ಎಚ್ ನೋಡಿಸಿ.

ಜೀವನಪೂರ್ತಿ ಬೇಕಾ ಎಂದರೆ, ಬಹುಮಟ್ಟಿಗೆ ಹೌದು. ಹೆದರಬೇಡಿ, ಇದು ಚಟ ಹಿಡಿಸುವ ಔಷಧಿಯಲ್ಲ. ಗ್ರಂಥಿ ತಯಾರಿಸಬೇಕಿದ್ದ ಹಾರ್ಮೋನನ್ನೇ ನಾವು ಹೊರಗಿನಿಂದ ಕೊಡುತ್ತಿದ್ದೇವೆ.

ಪ್ರಶ್ನೆ: ಮೂರು ವರ್ಷದಿಂದ ಥೈರಾಯ್ಡ್ ಮಾತ್ರೆಯಲ್ಲಿದ್ದೇನೆ. ಈಗ ಗರ್ಭಿಣಿ. ಮಗುವಿಗೆ ತೊಂದರೆ ಆಗುತ್ತೆ, ಮಾತ್ರೆ ನಿಲ್ಲಿಸು ಅಂತ ಅತ್ತೆ ಹೇಳ್ತಿದ್ದಾರೆ. (ಬನಶಂಕರಿ)

ಉತ್ತರ: ಅತ್ತೆಯವರ ಕಾಳಜಿ ಅರ್ಥವಾಗುತ್ತದೆ, ಆದರೆ ದಯವಿಟ್ಟು ನಿಲ್ಲಿಸಬೇಡಿ. ಮೊದಲ ತಿಂಗಳುಗಳಲ್ಲಿ ಮಗುವಿಗೆ ಸ್ವಂತ ಥೈರಾಯ್ಡ್ ಹಾರ್ಮೋನ್ ಇರುವುದಿಲ್ಲ. ಅದರ ಮೆದುಳು ಬೆಳೆಯುವುದು ನಿಮ್ಮ ಹಾರ್ಮೋನಿನಿಂದ. ಕೊರತೆಯಾದರೆ ಗರ್ಭಪಾತದ ಅಪಾಯವೂ ಹೆಚ್ಚು. ಈಗ ನಿಮಗೆ ಮೊದಲಿಗಿಂತ ಸುಮಾರು ಕಾಲು ಭಾಗ ಜಾಸ್ತಿ ಔಷಧಿ ಬೇಕಾಗಬಹುದು. ವಾರಕ್ಕೆ ಏಳರ ಬದಲು ಒಂಬತ್ತು ಮಾತ್ರೆ ಕೊಡುವುದು ರೂಢಿಯಲ್ಲಿದೆ. ಗರ್ಭದ ಅರ್ಧ ಅವಧಿವರೆಗೆ ನಾಲ್ಕು ವಾರಕ್ಕೊಮ್ಮೆ ಟಿಎಸ್‌ಎಚ್ ನೋಡಬೇಕು. ಮುಂದಿನ ಚೆಕಪ್‌ವರೆಗೆ ಕಾಯದೆ ಇವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ, ಸಾಧ್ಯವಾದರೆ ಭೇಟಿಗೆ ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ.