ಮಾತ್ರೆ ಎಣಿಸಿ ಕೊಡೋಕೆ ಓದು ಯಾಕೆ?



ನಾನು ಮುಂದೆ ಫಾರ್ಮಸಿಸ್ಟ್ ಆಗಬೇಕು ಅಂದಾಗ ಕೆಲವರು ಕೇಳಿದ ಪ್ರಶ್ನೆಯೇ ಈ ಲೇಖನದ ಹೆಸರು. ಉತ್ತರಕ್ಕೆ ಮೊದಲು ಒಂದು ಲೆಕ್ಕ.

ಜ್ವರ ಬಂದ ಮಗುವಿಗೆ ಡಾಕ್ಟರು ಒಂದು ಸಲಕ್ಕೆ 240 ಮಿ.ಗ್ರಾಂ. ಪ್ಯಾರಸಿಟಮಾಲ್ ಬರೆದಿದ್ದಾರೆ ಎಂದಿಟ್ಟುಕೊಳ್ಳಿ. ಈ ಸಿರಪ್ಪು 5 ಮಿ.ಲೀ.ಗೆ 120 ಮಿ.ಗ್ರಾಂ. ಇರುವುದೂ ಸಿಗುತ್ತದೆ, 250 ಮಿ.ಗ್ರಾಂ. ಇರುವುದೂ ಸಿಗುತ್ತದೆ. ಮೊದಲನೆಯದಾದರೆ 10 ಮಿ.ಲೀ. ಕುಡಿಸಬೇಕು. ಎರಡನೆಯದಾದರೆ 4.8 ಮಿ.ಲೀ. ಸಾಕು. ಸೀಸೆ ನೋಡದೆ ಎರಡನೆಯದನ್ನೂ 10 ಮಿ.ಲೀ. ಕುಡಿಸಿದರೆ ಮಗುವಿನ ಹೊಟ್ಟೆಗೆ 500 ಮಿ.ಗ್ರಾಂ., ಅಂದ್ರೆ ಎರಡರಷ್ಟು ಹೋಗುತ್ತದೆ! ಮತ್ತೆ ಮತ್ತೆ ಹೀಗಾದರೆ ಪಿತ್ತಜನಕಾಂಗಕ್ಕೆ ಅಪಾಯ. ಸೀಸೆ ಓದಿ, ಲೆಕ್ಕ ಹಾಕಿ, ಅಳತೆಯ ಮುಚ್ಚಳ ತೋರಿಸಿ, ತಾಯಿಗೆ ತಿಳಿಯುವ ಹಾಗೆ ಹೇಳುವುದೇ ಫಾರ್ಮಸಿಸ್ಟರ ಕೆಲಸ. ಅದಕ್ಕೇ ಓದು ಬೇಕು.

ಓದುವ ದಾರಿ:

1. ಎಸ್.ಎಸ್.ಎಲ್.ಸಿ. ಆದ ಮೇಲೆ ಪಿ.ಯು.ಸಿ.ಯಲ್ಲಿ ವಿಜ್ಞಾನ. ಭೌತಶಾಸ್ತ್ರ, ರಸಾಯನಶಾಸ್ತ್ರ ಬೇಕೇಬೇಕು. ಜೊತೆಗೆ ಜೀವಶಾಸ್ತ್ರ ಅಥವಾ ಗಣಿತ.

2. ಡಿ.ಫಾರ್ಮ 2 ವರ್ಷ. ಅದಾದ ಮೇಲೆ 500 ಗಂಟೆಗಳ ಪ್ರಾಯೋಗಿಕ ತರಬೇತಿ. ಹೆಚ್ಚು ಓದುವವರಿಗೆ ಬಿ.ಫಾರ್ಮ 4 ವರ್ಷ. ಅದಕ್ಕೆ ಸಿ.ಇ.ಟಿ. ಬರೆಯಬೇಕು.

3. ಕೊನೆಗೆ ರಾಜ್ಯದ ಫಾರ್ಮಸಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. 1948ರ ಫಾರ್ಮಸಿ ಕಾಯ್ದೆ ಪ್ರಕಾರ, ಡಾಕ್ಟರ ಚೀಟಿಗೆ ಔಷಧಿ ಕೊಡುವ ಕೆಲಸ ಹೀಗೆ ನೋಂದಾಯಿಸಿಕೊಂಡವರದ್ದು.

ಈಗಿನಿಂದಲೇ ಮಾಡಬಹುದಾದ ತಯಾರಿ:

ಗ್ರಾಂ, ಮಿಲಿಗ್ರಾಂ, ಅನುಪಾತದ ಲೆಕ್ಕಗಳನ್ನು ತಪ್ಪಿಲ್ಲದೆ ಮಾಡಲು ಕಲಿಯೋಣ. ಮುಂದಿನ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿ ಇರುತ್ತವೆ. ಕನ್ನಡ ಮಾಧ್ಯಮದವರು ಹೆದರಬೇಕಾಗಿಲ್ಲ, ದಿನಕ್ಕೆ ಐದು ವಿಜ್ಞಾನದ ಪದಗಳನ್ನು ಎರಡೂ ಭಾಷೆಯಲ್ಲಿ ಬರೆದಿಟ್ಟುಕೊಂಡರೆ ಆಯ್ತು. ನಾನು ಅಂಥ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಚೀಟಿಯ ಗುಟ್ಟಿನ ಅಕ್ಷರಗಳೂ ಅದರಲ್ಲಿವೆ: ಓ.ಡಿ. ಅಂದ್ರೆ ದಿನಕ್ಕೆ ಒಂದು ಸಲ, ಬಿ.ಡಿ. ಎರಡು ಸಲ, ಟಿ.ಡಿ.ಎಸ್. ಮೂರು ಸಲ, ಎಚ್.ಎಸ್. ಅಂದ್ರೆ ಮಲಗುವಾಗ. ಮನೆಗೆ ತಂದ ಮಾತ್ರೆಯ ಮೇಲೆ ಅವಧಿ ಮುಗಿಯುವ ತಾರೀಕು ನೋಡುವ ಅಭ್ಯಾಸವೂ ಇರಲಿ. ಮಾತ್ರೆ ಕತ್ತರಿಸುವಾಗ ಆ ತಾರೀಕಿರುವ ತುಂಡನ್ನು ಕೊನೆಯವರೆಗೂ ಉಳಿಸಿಕೊಳ್ಳಿ.

ನಮ್ಮ ಹಳ್ಳಿಗಳಲ್ಲಿ ಚೀಟಿ ಓದಲು ಬಾರದ ಅಜ್ಜ ಅಜ್ಜಿಯರು ಎಷ್ಟೋ ಮಂದಿ. ಅವರಿಗೆ ನಮ್ಮ ಮಾತಿನಲ್ಲೇ, ನಿಧಾನವಾಗಿ ಹೇಳಿಕೊಡುವವರು ನಮ್ಮಲ್ಲೇ ಯಾರಾದರೂ ಯಾಕಾಗಬಾರದು?

ನಿಮಗೊಂದು ಲೆಕ್ಕ: 5 ಮಿ.ಲೀ.ಗೆ 120 ಮಿ.ಗ್ರಾಂ. ಇರುವ ಸಿರಪ್ಪಿನಲ್ಲಿ 180 ಮಿ.ಗ್ರಾಂ. ಬೇಕಾದರೆ ಎಷ್ಟು ಮಿ.ಲೀ.? ಉತ್ತರ ಮುಂದಿನ ಸಂಚಿಕೆಯಲ್ಲಿ.

— 10ನೇ ತರಗತಿಯ ವಿದ್ಯಾರ್ಥಿನಿ