ಆರು ತಿಂಗಳ ನಂತರ ಬೀಗ ತೆಗೆದಾಗ: ವಿದೇಶದಿಂದ ಮಾರಿಕುಪ್ಪಂಗೆ ಮರಳುವ ದಂಪತಿಗೆ ಕೈಪಿಡಿ

ಬಂಗಾರಪೇಟೆಯಿಂದ ಕವಲೊಡೆದು ಕೆಜಿಎಫ್‌ನ ಮಾರಿಕುಪ್ಪಂನಲ್ಲಿ ಕೊನೆಯಾಗುವ ರೈಲು ಹಳಿಯನ್ನು 1894ರಲ್ಲಿ ಚಿನ್ನದ ಗಣಿಗಾಗಿ ಹಾಕಲಾಯಿತು. 2001ರ ಫೆಬ್ರವರಿ 28ರಂದು ಗಣಿ ಕಂಪನಿ ಬಿಜಿಎಂಎಲ್ ಬಾಗಿಲು ಮುಚ್ಚಿದ ಮೇಲೆ ಊರಿಗೆ ಅನ್ನ ಹುಟ್ಟಿಸಿದ್ದೂ ಅದೇ ಹಳಿ. ನಸುಕಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಮರಳಿದ ಅಪ್ಪಂದಿರು ಮಕ್ಕಳನ್ನು ಓದಿಸಿದರು. ಆ ಮಕ್ಕಳಲ್ಲಿ ಕೆಲವರು ಈಗ ಅಮೆರಿಕದಲ್ಲಿದ್ದಾರೆ. ಮಗಳ ಬಾಣಂತನ, ಸೊಸೆಯ ಹೆರಿಗೆ ಎಂದು ಅಪ್ಪ ಅಮ್ಮ ಇಬ್ಬರೂ ವಿಮಾನ ಹತ್ತುತ್ತಾರೆ. ಪ್ರವಾಸಿ ವೀಸಾದಲ್ಲಿ ಹೋದವರಿಗೆ ಅಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ 6 ತಿಂಗಳು ಇರಲು ಅವಕಾಶ.

ಹೋಗುವುದಕ್ಕೆ ಸಲಹೆ ಕೊಡುವವರಿಗೆ ಕೊರತೆಯಿಲ್ಲ. ಸೂಟ್‌ಕೇಸ್ ಎಷ್ಟು ಕೆ.ಜಿ., ಮೆಣಸಿನಪುಡಿ ಒಯ್ಯಬಹುದೇ, ವಿಮಾನ ನಿಲ್ದಾಣದಲ್ಲಿ ಏನು ಕೇಳುತ್ತಾರೆ ಎಂದೆಲ್ಲ ಬೀದಿಯೇ ಸೇರಿ ಹೇಳಿಕೊಡುತ್ತದೆ. ಮರಳುವುದನ್ನು ಮಾತ್ರ ಯಾರೂ ಒಂದು ಕೆಲಸ ಎಂದು ಎಣಿಸುವುದಿಲ್ಲ, ನಮ್ಮ ಮನೆಗೆ ನಾವು ಹೋಗಲು ಎಂಥ ತಯಾರಿ ಎಂದುಕೊಳ್ಳುತ್ತಾರೆ. ತಯಾರಿ ಬೇಕು. ಮನೆಗೂ ಬೇಕು, ಗಂಡ ಹೆಂಡತಿಗೂ ಬೇಕು.

ಬಾಗಿಲು ತೆಗೆದ ಮೊದಲ ಗಂಟೆ

ಸಾಧ್ಯವಾದರೆ ಹಗಲಿನಲ್ಲೇ ಮನೆ ಮುಟ್ಟಿ. ವಿಮಾನ ನಡುರಾತ್ರಿ ಇಳಿದರೆ ಬೆಂಗಳೂರಿನಲ್ಲಿರುವ ನೆಂಟರ ಮನೆಯಲ್ಲಿ ಮಲಗಿ, ಬೆಳಿಗ್ಗೆ ಹೊರಡಿ. ಮುಚ್ಚಿದ ಮನೆಗೆ ಕತ್ತಲಲ್ಲಿ ಕಾಲಿಡುವುದು ನಮ್ಮ ಕಡೆ ಒಳ್ಳೆಯದಲ್ಲ, ಚೇಳು ಹಾವುಗಳ ಊರಿದು.

ಬಾಗಿಲು ತೆಗೆದ ಕೂಡಲೇ ಲೈಟಿನ ಸ್ವಿಚ್ ಒತ್ತಬೇಡಿ. ಮೊದಲು ಕಿಟಕಿಗಳನ್ನೆಲ್ಲ ತೆರೆಯಿರಿ. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಅದು ಗ್ಯಾಸ್ ಸೋರಿಕೆಯ ತುರ್ತು ಸಂಖ್ಯೆ. ವಾಸನೆ ಇಲ್ಲದಿದ್ದರೂ ಒಲೆಯ ರಬ್ಬರ್ ಪೈಪನ್ನು ಬಗ್ಗಿಸಿ ನೋಡಿ, ಇಲಿ ಕಚ್ಚಿದ ಗುರುತೋ ಬಿರುಕೋ ಕಂಡರೆ ಬದಲಿಸಿದ ಮೇಲೆಯೇ ಒಲೆ ಹಚ್ಚಿ. ಇಲಿಗಳು ಫ್ರಿಜ್‌ನ ಹಿಂದಿನ ವೈರನ್ನೂ ಬಿಡುವುದಿಲ್ಲ. ಮೇನ್ ಹಾಕುವ ಮುನ್ನ ಅದನ್ನೂ ನೋಡಿ. ಗೀಸರ್‌ನಲ್ಲಿ ನೀರು ತುಂಬಿದ್ದು ಖಾತ್ರಿಯಾಗದೆ ಸ್ವಿಚ್ ಹಾಕಬೇಡಿ.

ಧೂಳು ಮತ್ತು ನೀರು

ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್ ಕಡೆಯ ಮನೆಗಳಲ್ಲಿ ಕೂತಿರುವುದು ಬೇರೆ ಊರಿನಂಥ ಧೂಳಲ್ಲ. ಚಿನ್ನ ತೆಗೆದು ಉಳಿದ ಮೂರು ಕೋಟಿ ಟನ್‌ಗೂ ಹೆಚ್ಚಿನ ನುಣ್ಣನೆ ಪುಡಿ ಇಲ್ಲಿನ ಸೈನೈಡ್ ದಿಬ್ಬಗಳಲ್ಲಿದೆ. ಗಾಳಿ ಎದ್ದಾಗ ಅದು ಕಿಟಕಿಯ ಸಂದಿನಲ್ಲೂ ನುಗ್ಗುತ್ತದೆ. ಆರು ತಿಂಗಳ ಪುಡಿಯನ್ನು ಪೊರಕೆಯಿಂದ ಗುಡಿಸಿದರೆ ಅಷ್ಟೂ ಮೇಲೆದ್ದು ನಿಮ್ಮ ಶ್ವಾಸಕೋಶಕ್ಕೇ ಹೋಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಮಾಸ್ಕ್ ಹಾಕಿಕೊಳ್ಳಿ. ಗಣಿಯೊಳಗೆ ಇಳಿದು ದುಡಿದವರು ಈ ಕೆಲಸಕ್ಕೆ ಕೈ ಹಾಕಲೇಬಾರದು. ಧೂಳಿನಿಂದ ಬರುವ ಸಿಲಿಕೋಸಿಸ್ ಈ ಊರಿನ ಗಣಿಕಾರ್ಮಿಕರನ್ನು ಹೇಗೆ ಹಿಂಡಿತೆಂಬುದು ಪ್ರತಿ ಲೈನ್ ಮನೆಗೂ ಗೊತ್ತು. ದಣಿವಿನಲ್ಲಿ ಮೊದಲ ದಿನವೇ ಇಡೀ ಮನೆ ಕ್ಲೀನ್ ಮಾಡಲು ಹೋಗಬೇಡಿ. ಒಂದು ಕೋಣೆ, ಅಡುಗೆಮನೆ, ಬಚ್ಚಲು ಸಾಕು. ಉಳಿದದ್ದಕ್ಕೆ ಕೂಲಿ ಕೊಟ್ಟು ಜನ ಕರೆಸಿ.

ಟ್ಯಾಂಕ್ ಮತ್ತು ಸಂಪಿನಲ್ಲಿ ನಿಂತ ನೀರನ್ನು ಪೂರ್ತಿ ಹೊರಚೆಲ್ಲಿ, ಬ್ಲೀಚಿಂಗ್ ಪೌಡರ್ ಹಾಕಿ ತೊಳೆದು ಹೊಸ ನೀರು ತುಂಬಿಸಿ. ನೀರಿಗೆ ಬರ ಇರುವ ಊರಿನಲ್ಲಿ ಚೆಲ್ಲಲು ಮನಸ್ಸು ಬಾರದು, ಆ ನೀರನ್ನು ಗಿಡಗಳಿಗೆ ಹಾಕಿ. ಆರ್‌ಒ ಯಂತ್ರದ ಫಿಲ್ಟರ್ ಬದಲಿಸುವವರೆಗೆ ಕ್ಯಾನ್ ನೀರು ತರಿಸಿ. ಕುದಿಸಿ ಕುಡಿದರಾಯಿತು ಎನ್ನುವವರಿಗೆ ಒಂದು ಮಾತು: ಕೋಲಾರ ಜಿಲ್ಲೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ.

ನಿದ್ದೆ ಮತ್ತು ಮಾತ್ರೆ

ಕ್ಯಾಲಿಫೋರ್ನಿಯಾದಿಂದ ಬಂದರೆ ಹಗಲು ರಾತ್ರಿ ಪೂರ್ತಿ ಅದಲುಬದಲು. ಒಂದು ವಾರ, ಕೆಲವರಿಗೆ ಹತ್ತು ದಿನ, ನಡುರಾತ್ರಿ ಎಚ್ಚರವಾಗುತ್ತದೆ. ಇದಕ್ಕೆ ಬಿಸಿಲೇ ಮದ್ದು. ಬೆಳಿಗ್ಗೆ ಇಬ್ಬರೂ ಅರ್ಧ ಗಂಟೆ ಹೊರಗೆ ನಡೆಯಿರಿ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಮೀರದಿರಲಿ. ಇನ್ಸುಲಿನ್ ತೆಗೆದುಕೊಳ್ಳುವವರು ಡೋಸ್ ಹೊತ್ತು ಹೇಗೆ ಬದಲಿಸಬೇಕೆಂದು ವೈದ್ಯರನ್ನೇ ಕೇಳಿ, ಅಂದಾಜಿನಲ್ಲಿ ಮಾಡಬೇಡಿ. ಬಂದ ವಾರದಲ್ಲೇ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿದರೆ ಹಿಂದಿನ ಸುಮಾರು ಮೂರು ತಿಂಗಳ ಸಕ್ಕರೆಯ ಲೆಕ್ಕ, ಅಂದರೆ ಅಲ್ಲಿನ ಊಟದ ಲೆಕ್ಕ, ಸಿಗುತ್ತದೆ. ಪ್ರಯಾಣದ ನಂತರ ಒಂದೇ ಕಾಲು ಊದಿ ನೋಯುತ್ತಿದ್ದರೆ ಎಣ್ಣೆ ತಿಕ್ಕುತ್ತ ಕೂರಬೇಡಿ. ಗಂಟೆಗಟ್ಟಲೆ ಕೂತು ರಕ್ತ ಹೆಪ್ಪುಗಟ್ಟಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಿ.

ಸಿಮ್, ಬ್ಯಾಂಕ್, ಪಿಂಚಣಿ

ಮೊದಲು ಸಿಮ್. 90 ದಿನ ಯಾವ ಬಳಕೆಯೂ ಇಲ್ಲದಿದ್ದರೆ ಕಂಪನಿ ಸಂಪರ್ಕ ಕಡಿಯಬಹುದು, ಆಮೇಲೆ ಆ ನಂಬರ್ ಬೇರೆಯವರ ಕೈಸೇರಲೂಬಹುದು. ಆಧಾರ್, ಬ್ಯಾಂಕ್, ಗ್ಯಾಸ್ ಎಲ್ಲದರ ಒಟಿಪಿ ಬರುವುದು ಅದಕ್ಕೇ. ನಂಬರ್ ಹೋಗಿದ್ದರೆ ಮೊದಲು ಬ್ಯಾಂಕಿಗೆ ಹೋಗಿ ಹಳೆಯದನ್ನು ತೆಗೆಸಿ.

ಬೆಮಲ್ ಕಾರ್ಖಾನೆ ಅಥವಾ ಬಿಜಿಎಂಎಲ್‌ನಿಂದ ನಿವೃತ್ತರಾಗಿ ಇಪಿಎಸ್-95 ಪಿಂಚಣಿ ಪಡೆಯುವವರು ಜೀವಿತ ಪ್ರಮಾಣಪತ್ರದ ದಿನಾಂಕ ನೋಡಿಕೊಳ್ಳಿ. ಅದು ಕೊಟ್ಟ ದಿನದಿಂದ ಒಂದು ವರ್ಷಕ್ಕೆ ಸಲ್ಲುತ್ತದೆ. ಅವಧಿ ಮುಗಿದರೆ ಪಿಂಚಣಿ ನಿಲ್ಲುತ್ತದೆ. ಬ್ಯಾಂಕಿಗೆ ಹೋಗಲಾಗದವರಿಗೆ ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕ್ ಮೂಲಕ ಪೋಸ್ಟ್‌ಮ್ಯಾನ್ ಮನೆಗೇ ಬಂದು ಡಿಜಿಟಲ್ ಪ್ರಮಾಣಪತ್ರ ಮಾಡಿಕೊಡುತ್ತಾರೆ.

ಕೈಯಲ್ಲಿ ಉಳಿದ ಡಾಲರ್ ನೋಟುಗಳಲ್ಲಿ 2,000 ಡಾಲರ್‌ವರೆಗೆ ಇಟ್ಟುಕೊಳ್ಳಬಹುದು. ಅದಕ್ಕಿಂತ ಹೆಚ್ಚಿದ್ದರೆ ಬಂದ 180 ದಿನಗಳೊಳಗೆ ಬ್ಯಾಂಕಿನಲ್ಲಿ ಬದಲಿಸಬೇಕು. ಸ್ಕೂಟರ್ ಮುಟ್ಟುವ ಮುನ್ನ ವಿಮೆ ಜೀವಂತವಾಗಿದೆಯೇ ನೋಡಿ.

ಬಾಕಿ ಕರೆಂಟ್ ಬಿಲ್ ಇರುವವರಿಗೆ ಒಂದು ಎಚ್ಚರಿಕೆ. "ಇವತ್ತು ರಾತ್ರಿ ನಿಮ್ಮ ಕರೆಂಟ್ ಕಡಿಯುತ್ತೇವೆ, ಈ ನಂಬರ್‌ಗೆ ಫೋನ್ ಮಾಡಿ" ಎಂಬ ಮೆಸೇಜ್ ವಂಚಕರದ್ದು. ನಿಜವಾಗಿಯೂ ಬಿಲ್ ಕಟ್ಟದೆ ಬಂದವರು ಇದಕ್ಕೆ ಸುಲಭವಾಗಿ ಬೀಳುತ್ತಾರೆ. ಬೆಸ್ಕಾಂ ಸಹಾಯವಾಣಿ 1912. ಹಣ ಹೋಗಿಬಿಟ್ಟರೆ ತಡಮಾಡದೆ 1930ಕ್ಕೆ ದೂರು ಕೊಡಿ.

ಮೊದಲು ಯಾರ ಮನೆಗೆ?

ಚಾಕೊಲೇಟ್ ಹಂಚುವ ಮುನ್ನ, ನೀವು ಇಲ್ಲದಾಗ ಬೀದಿಯಲ್ಲಿ ಯಾರು ತೀರಿಕೊಂಡರು ಎಂದು ಕೇಳಿ ತಿಳಿದುಕೊಳ್ಳಿ. ಮೊದಲು ಅವರ ಮನೆಗೆ ಇಬ್ಬರೂ ಒಟ್ಟಿಗೆ ಹೋಗಿ. ತಮಿಳು, ತೆಲುಗು, ಕನ್ನಡ ಯಾವ ಮನೆಯಾದರೂ, ಸಾವಿನ ಮನೆಗೆ ಬಾರದವರ ನೆನಪು ವರ್ಷಗಟ್ಟಲೆ ಉಳಿಯುತ್ತದೆ. ಫೋನಿನಲ್ಲಿ ಆಗಲೇ ಮಾತಾಡಿದ್ದೇವಲ್ಲ ಎನ್ನಬೇಡಿ. ಎರಡನೆಯದು, ಕೀಲಿ ಇಟ್ಟುಕೊಂಡು ಗಿಡಕ್ಕೆ ನೀರು ಹಾಕಿದ ಪಕ್ಕದ ಮನೆ. ಉಳಿದವರೆಲ್ಲ ಆಮೇಲೆ.

"ಅಲ್ಲಿ ರಸ್ತೆ ಹಾಗೆ, ಇಲ್ಲಿ ಹೀಗೆ" ಎಂಬ ಮಾತನ್ನು ಕೆಲವು ವಾರ ನುಂಗಿಕೊಳ್ಳಿ. ಕೇಳುವವರು ಈ ಊರಿನಲ್ಲೇ ಉಳಿದವರು. ಗಣಿ ಮುಚ್ಚಿದ ಮೇಲೂ ಊರನ್ನು ಹಿಡಿದು ನಿಲ್ಲಿಸಿದವರು.

ಗಂಡ ಹೆಂಡತಿಯ ನಡುವೆ

ಎಲ್ಲಕ್ಕಿಂತ ಕಷ್ಟದ್ದು ಇದು. ಇಬ್ಬರೂ ಒಟ್ಟಿಗೆ ಹೋಗಿ ಒಟ್ಟಿಗೆ ಬಂದರೂ, ಅಲ್ಲಿ ಬದುಕಿದ್ದು ಬೇರೆ ಬೇರೆ ಬದುಕು. ಆಕೆಗೆ ಬೆಳಗಾದರೆ ಕೂಸಿನ ಎಣ್ಣೆ ನೀರು, ಬಾಣಂತಿಯ ಪಥ್ಯ; ಬೆನ್ನು ನೋಯುವಷ್ಟು ಕೆಲಸ, ಜೊತೆಗೆ ಕೈತುಂಬ ಮಗು. ಗಂಡನಿಗೆ ಕಾರು ಓಡಿಸಲು ಬಾರದು, ಮಾತಿಗೆ ಜನವಿಲ್ಲ, ಪಾರ್ಕಿನಲ್ಲಿ ಮಗುವಿನ ಗಾಡಿ ತಳ್ಳುವುದೇ ದಿನ. ಊರಿಗೆ ಬಂದ ಮರುದಿನ ಅವರಿಗೆ ಎಲ್ಲವೂ ಮರಳಿ ಸಿಗುತ್ತದೆ: ಟೀ ಅಂಗಡಿ, ಪೇಪರ್, ಕಾರ್ಖಾನೆಯ ಹಳೆಯ ಗೆಳೆಯರು. ಆಕೆಗೆ ಅದೇ ದಿನ ಎಲ್ಲವೂ ಕಳೆದುಹೋಗುತ್ತದೆ. ಗಂಡ ಹೊರಗೆ, ಮನೆ ಮೌನ. ಇದನ್ನು ಅರಿಯದೆ "ಬಂದಾಗಿನಿಂದ ಇವಳಿಗೆ ಸಿಡುಕು" ಎನ್ನುವ ಗಂಡಸರೇ ಹೆಚ್ಚು.

ಆದ್ದರಿಂದ ಮೊದಲ ತಿಂಗಳು ಗಂಡಂದಿರು ಮಾಡಬೇಕಾದ್ದು ಇಷ್ಟು. ಮಗನ ಮನೆಯಲ್ಲಿ ತಟ್ಟೆ ತೊಳೆದಿಟ್ಟವರು ಇಲ್ಲಿಯೂ ತೊಳೆಯಿರಿ, ಬೀದಿಯವರು ನೋಡಿದರೆ ನೋಡಲಿ. ಸಂಜೆಯ ಒಂದು ಗಂಟೆ ಮನೆಯಲ್ಲಿರಿ. ಬ್ಯಾಂಕಿಗೆ, ನಗರಸಭೆಗೆ ಆಕೆಯನ್ನೂ ಕರೆದೊಯ್ಯಿರಿ, ಕಾಗದಪತ್ರ ಎಲ್ಲಿದೆ ಎಂಬುದು ಇಬ್ಬರಿಗೂ ಗೊತ್ತಿರಲಿ. ಮತ್ತೆ ಅಮೆರಿಕಕ್ಕೆ ಹೋಗುವುದೋ ಬೇಡವೋ ಎಂಬ ಮಾತನ್ನು ಈ ತಿಂಗಳು ತೆಗೆಯಲೇಬೇಡಿ. ದಣಿದ ದೇಹದಲ್ಲಿ ಅದು ಜಗಳವಾಗಿಯೇ ಮುಗಿಯುತ್ತದೆ.

ವಿಡಿಯೊ ಕರೆಗೆ ಹೊತ್ತು ಗೊತ್ತುಮಾಡಿ. ಇಲ್ಲಿ ಬೆಳಿಗ್ಗೆ 8 ಗಂಟೆಯಾದಾಗ ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ದಿನದ ಸಂಜೆ ಏಳೂವರೆ, ನವೆಂಬರ್‌ನಿಂದ ಮಾರ್ಚ್‌ವರೆಗೆ ಆರೂವರೆ. ಮಗು ಎದ್ದಿರುವ ಹೊತ್ತು ಅದು. ಆ ಕರೆ ಅಜ್ಜಿಯದ್ದಾಗಿರಲಿ, ನಡುವೆ ತಾತ ಫೋನ್ ಕಸಿದು ವೀಸಾ, ಬಾಡಿಗೆ ಎಂದು ಮಾತು ಶುರುಮಾಡಬೇಡಿ. ಅಳು, ನಿದ್ದೆಗೇಡು, ಊಟ ಬೇಡವೆನ್ನುವುದು ಎರಡು ವಾರ ದಾಟಿದರೆ ವೈದ್ಯರಿಗೆ ತೋರಿಸಿ. 14416 ಟೆಲಿ-ಮಾನಸ್ ಸಹಾಯವಾಣಿ. ಉಚಿತ, ಕನ್ನಡದಲ್ಲಿಯೂ ಮಾತಾಡಬಹುದು.

ಹೊರದೇಶದಲ್ಲಿರುವ ಮಕ್ಕಳಿಗೆ ಒಂದು ವಿನಂತಿ. ಪ್ರತಿ ಸಲವೂ ಅಪ್ಪ ಅಮ್ಮನೇ ಬರಬೇಕೆಂದು ಟಿಕೆಟ್ ಕಳಿಸಬೇಡಿ. ಡಿಸೆಂಬರ್‌ನಲ್ಲಿ ನಿಮ್ಮ ಮಕ್ಕಳ ಶಾಲೆಗೆ ರಜೆ ಇರುತ್ತದೆ. ಕೆಜಿಎಫ್‌ನಲ್ಲಿ ಚಳಿಯೂ ಹದವಾಗಿರುತ್ತದೆ, ಕ್ರಿಸ್‌ಮಸ್‌ಗೆ ಚರ್ಚ್ ಬೀದಿಗಳು ಸಿಂಗಾರಗೊಂಡಿರುತ್ತವೆ. ಈ ಸಲ ನೀವೇ ಮಗುವನ್ನು ಎತ್ತಿಕೊಂಡು ಬನ್ನಿ. ಬಂಗಾರಪೇಟೆಯಲ್ಲಿ ಇಳಿದು ಮಾರಿಕುಪ್ಪಂ ರೈಲು ಹತ್ತಿ.